ಹದಿನಾರಾಣೆ ತೀರಿದ ಸಾಲ

1889ರ ಜನವರಿ 5, ಶನಿವಾರ. ಅಮೆರಿಕದ ಹಾರ್ಟ್‌ಫರ್ಡ್ ಪಟ್ಟಣದ ಕಾರ್ಖಾನೆಯೊಂದರಲ್ಲಿ, ಮಧ್ಯಾಹ್ನ ಹನ್ನೆರಡು ಗಂಟೆ ಇಪ್ಪತ್ತು ನಿಮಿಷಕ್ಕೆ, ಒಂದು ಯಂತ್ರ ಅಚ್ಚುಮೊಳೆಗಳನ್ನು ತಾನೇ ಆಯ್ದು ಜೋಡಿಸಿತು. ಪದಗಳ ನಡುವಿನ ಜಾಗವನ್ನೂ ತಾನೇ ಹಂಚಿ, ಎರಡೂ ಅಂಚು ಸರಿಹೊಂದುವ ಹಾಗೆ ಒಂದು ಪೂರ್ತಿ ಪಂಕ್ತಿಯನ್ನು ಮುಗಿಸಿತು. ನೋಡುತ್ತ ನಿಂತಿದ್ದವರಲ್ಲಿ ಆ ದೇಶದ ಅತ್ಯಂತ ಜನಪ್ರಿಯ ಕಾದಂಬರಿಕಾರ ಮಾರ್ಕ್ ಟ್ವೇನ್ ಒಬ್ಬ. ಅವನು ಗಳಿಗೆಯನ್ನು ಬರೆದಿಟ್ಟುಕೊಂಡ. ಅಣ್ಣ ಓರಿಯನ್‌ಗೆ ಆ ದಿನವೇ ಕಾಗದ ಬರೆದು, ಮನುಷ್ಯರು ಈವರೆಗೆ ಕಂಡುಹಿಡಿದ ಯಂತ್ರಗಳೆಲ್ಲ ಇದರ ಮುಂದೆ ಸಣ್ಣವು ಎಂಬ ಅರ್ಥದ ಮಾತುಗಳಲ್ಲಿ ಸಂಭ್ರಮಿಸಿದ.

ಐದು ವರ್ಷ ಕಳೆದು ಕೆಲವೇ ತಿಂಗಳಲ್ಲಿ ಅವನು ದಿವಾಳಿಯಾಗಿದ್ದ.

ಟ್ವೇನನ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಟಾಮ್ ಸಾಯರ್ ಮತ್ತು ಹಕಲ್‌ಬೆರಿ ಫಿನ್ ಎಂಬ ಇಬ್ಬರು ಹುಡುಗರಿಂದ ಶುರುಮಾಡುತ್ತಾರೆ. ಅವನ ಬದುಕಿನ ನಡುಗಂಬ ಈ ಸಾಲದ ಕತೆ ಎಂದು ನನಗೆ ತೋರುತ್ತದೆ. ಹೇಗೆ ಮುಳುಗಿದ, ಹೇಗೆ ತೀರಿಸಿದ, ತೀರಿಸಲು ಹೊರಟವನು ದಾರಿಯಲ್ಲಿ ಏನು ಕಂಡ, ಏನು ಕಳೆದುಕೊಂಡ ಎಂಬುದನ್ನು ಬಿಟ್ಟರೆ ಕೊನೆಗಾಲದ ಆ ಸಿಟ್ಟಿನ ಬರಹಗಾರ ಎಲ್ಲಿಂದ ಬಂದ ಎನ್ನುವುದು ತಿಳಿಯುವುದೇ ಇಲ್ಲ.

ಅಚ್ಚುಮೊಳೆಯ ಮೋಹ ಅವನಿಗೆ ಹುಡುಗತನದ್ದು. 1835ರಲ್ಲಿ ಮಿಸ್ಸೂರಿಯಲ್ಲಿ ಹುಟ್ಟಿದ ಸ್ಯಾಮ್ಯುಯೆಲ್ ಕ್ಲೆಮೆನ್ಸ್ (ಟ್ವೇನನ ನಿಜವಾದ ಹೆಸರು ಇದು) ಬೆಳೆದದ್ದು ಮಿಸಿಸಿಪ್ಪಿ ನದಿಯ ದಂಡೆಯ ಹ್ಯಾನಿಬಲ್ ಎಂಬ ಊರಿನಲ್ಲಿ. ಹನ್ನೊಂದನೆಯ ವಯಸ್ಸಿಗೆ ತಂದೆ ತೀರಿಕೊಂಡ. ಮುಂದೆ ಹುಡುಗ ಸ್ಥಳೀಯ ಪತ್ರಿಕೆಯ ಮುದ್ರಣಾಲಯಕ್ಕೆ ಕೆಲಸ ಕಲಿಯಲು ಸೇರಿದ, ಆಮೇಲೆ ಅಣ್ಣನ ಪತ್ರಿಕೆಗೆ ಮೊಳೆ ಜೋಡಿಸಿದ. ಹದಿನೇಳು ಹದಿನೆಂಟರ ಹರೆಯದಲ್ಲಿ ಸೇಂಟ್ ಲೂಯಿಸ್, ನ್ಯೂಯಾರ್ಕ್, ಫಿಲಡೆಲ್ಫಿಯಾಗಳಲ್ಲಿ ಕಂಪಾಸಿಟರ್ ಆಗಿ ದುಡಿದ. ನಮ್ಮ ಹಳೆಯ ಮುದ್ರಣಾಲಯಗಳನ್ನು ಕಂಡವರಿಗೆ ಆ ಕೆಲಸವನ್ನು ವಿವರಿಸಬೇಕಿಲ್ಲ. ದಿನವಿಡೀ ನಿಂತು, ಕೇಸಿನ ಮನೆಗಳಿಂದ ಒಂದೊಂದೇ ಮೊಳೆಯನ್ನು ಹೆಕ್ಕಿ, ಉಲ್ಟಾ ಓದುತ್ತ ಸ್ಟಿಕ್ಕಿಗೆ ಸೇರಿಸಬೇಕು. ಅಚ್ಚಾದ ಮೇಲೆ ಅಷ್ಟನ್ನೂ ಬಿಡಿಸಿ ತಂತಮ್ಮ ಮನೆಗೆ ಹಾಕಬೇಕು. ಗುಟೆನ್‌ಬರ್ಗ್ ಕಾಲದಿಂದ ನಾಲ್ಕು ನೂರು ವರ್ಷ ಇದರಲ್ಲಿ ಹೆಚ್ಚು ಬದಲಾವಣೆ ಆಗಿರಲಿಲ್ಲ.

ಮುಂದಿನದು ಎಲ್ಲರಿಗೂ ಗೊತ್ತಿರುವ ಕತೆ. ಹಬೆಹಡಗಿನ ಪೈಲಟ್ ಆದ. 1861ರಲ್ಲಿ ಅಂತರ್ಯುದ್ಧ ಶುರುವಾಗಿ ನದಿಯ ವ್ಯಾಪಾರ ನಿಂತಾಗ ಅಣ್ಣನ ಜೊತೆ ಪಶ್ಚಿಮದ ನೆವಾಡಾಕ್ಕೆ ಹೋದ. ಬೆಳ್ಳಿಯ ಗಣಿಯಲ್ಲಿ ಕೈಸುಟ್ಟುಕೊಂಡು ಪತ್ರಕರ್ತನಾದ. 1863ರಲ್ಲಿ ಮಾರ್ಕ್ ಟ್ವೇನ್ ಎಂಬ ಹೆಸರಿಟ್ಟುಕೊಂಡ. 1870ರಲ್ಲಿ ಎಲ್ಮೈರಾ ಊರಿನ ಕಲ್ಲಿದ್ದಲು ವ್ಯಾಪಾರಿಯ ಮಗಳು ಒಲಿವಿಯಾ ಲ್ಯಾಂಗ್ಡನ್‌ಳನ್ನು ಮದುವೆಯಾದ. ಮನೆಯವರಿಗೆ ಅವಳು ಲಿವಿ. ಮೊದಲ ಮಗು, ಗಂಡು, ಎರಡು ತುಂಬುವ ಮೊದಲೇ ಹೋಯಿತು. ಸೂಸಿ, ಕ್ಲಾರಾ, ಜೀನ್ ಎಂಬ ಮೂವರು ಹೆಣ್ಣುಮಕ್ಕಳು ಉಳಿದರು. ಹಾರ್ಟ್‌ಫರ್ಡ್‌ನಲ್ಲಿ ಕಟ್ಟಿಸಿದ ದೊಡ್ಡ ಮನೆಗೆ 1874ರಲ್ಲಿ ಹೋದರು. ಒಳ್ಳೆಯ ಪುಸ್ತಕಗಳೆಲ್ಲ ಬಂದದ್ದು ಆ ಮನೆಯಲ್ಲಿದ್ದ ಹದಿನೇಳು ವರ್ಷಗಳಲ್ಲಿ.

ಆ ಮನೆ, ಆಳುಕಾಳು, ನೆಂಟರಿಷ್ಟರ ಖರ್ಚಿಗೆ ಎಷ್ಟು ಬಂದರೂ ಸಾಲುತ್ತಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ತನ್ನ ಪುಸ್ತಕದಿಂದ ಪ್ರಕಾಶಕರು ಕೊಬ್ಬುತ್ತಿದ್ದಾರೆ ಎಂಬ ಗುಮಾನಿ ಟ್ವೇನನನ್ನು ಬಿಡಲಿಲ್ಲ. 1884ರಲ್ಲಿ ತಾನೇ ಒಂದು ಪ್ರಕಾಶನ ಸಂಸ್ಥೆ ತೆರೆದ. ಅಕ್ಕನ ಅಳಿಯ ಚಾರ್ಲ್ಸ್ ವೆಬ್‌ಸ್ಟರ್‌ನನ್ನು ಅದರ ಮೇಲ್ವಿಚಾರಣೆಗೆ ಕೂರಿಸಿ, ಅವನ ಹೆಸರನ್ನೇ ಸಂಸ್ಥೆಗೆ ಇಟ್ಟ. ಮೊದಲ ಹೆಜ್ಜೆಗಳು ಅದ್ಭುತವಾಗಿದ್ದವು. ಹಕಲ್‌ಬೆರಿ ಫಿನ್ ಅಮೆರಿಕದಲ್ಲಿ 1885ರ ಫೆಬ್ರವರಿಯಲ್ಲಿ ಅಲ್ಲಿಂದಲೇ ಹೊರಬಂತು. ಆ ಹೊತ್ತಿಗೆ ಇನ್ನೊಂದು ಪುಸ್ತಕವೂ ಅವನ ಕೈಗೆ ಸಿಕ್ಕಿತ್ತು.

ಅಂತರ್ಯುದ್ಧ ಗೆದ್ದ ಸೇನಾನಿ, ಎರಡು ಸಲ ಅಧ್ಯಕ್ಷನಾಗಿದ್ದ ಯುಲಿಸಿಸ್ ಗ್ರಾಂಟ್ 1884ರ ಮೇ ತಿಂಗಳಲ್ಲಿ ಬೀದಿಗೆ ಬಿದ್ದಿದ್ದ. ಮಗನ ಪಾಲುದಾರ ಫರ್ಡಿನಂಡ್ ವಾರ್ಡ್ ಎಂಬವನು ಮಾಡಿದ ಮೋಸದಲ್ಲಿ ಇದ್ದಬದ್ದದ್ದೆಲ್ಲ ಹೋಯಿತು. ಅದರ ಬೆನ್ನಿಗೇ ಗಂಟಲಿನ ಕ್ಯಾನ್ಸರ್. ಹೆಂಡತಿಗೆ ಏನಾದರೂ ಬಿಟ್ಟುಹೋಗಬೇಕೆಂದು ಗ್ರಾಂಟ್ ತನ್ನ ಆತ್ಮಕಥೆ ಬರೆಯಲು ಕುಳಿತ. ಒಂದು ಹೆಸರಾಂತ ಪತ್ರಿಕೆಯ ಪ್ರಕಾಶಕರು ನೂರಕ್ಕೆ ಹತ್ತರಂತೆ ಗೌರವಧನ ಕೊಡುವುದಾಗಿ ಹೇಳಿದ್ದರು. ಅದನ್ನು ಕೇಳಿ ಟ್ವೇನ್ ಕೆರಳಿದ. ನಿವ್ವಳ ಲಾಭದಲ್ಲಿ ನೂರಕ್ಕೆ ಎಪ್ಪತ್ತು ನಿಮಗೆ ಎಂದು ಒಪ್ಪಂದ ಮಾಡಿಕೊಂಡ. ಗ್ರಾಂಟ್ ನೋವಿನಲ್ಲೇ ಬರೆದ. ಮಾತು ನಿಂತ ಮೇಲೆ ಚೀಟಿಯಲ್ಲಿ ಟಿಪ್ಪಣಿ ಬರೆದು ಕೊಡುತ್ತಿದ್ದ. ಬರಹ ಮುಗಿದ ಕೆಲವೇ ದಿನಗಳಲ್ಲಿ, 1885ರ ಜುಲೈ 23ರಂದು ತೀರಿಕೊಂಡ. ಎರಡು ಸಂಪುಟಗಳ ಆ ಪುಸ್ತಕವನ್ನು ಹಳೆಯ ಸೈನಿಕರು ಮನೆಮನೆಗೆ ಹೋಗಿ ಮುಂಗಡ ಬರೆಸಿಕೊಂಡು ಮಾರಿದರು. ಮೂರು ಲಕ್ಷಕ್ಕೂ ಹೆಚ್ಚು ಜೋಡಿ ಖರ್ಚಾದವು. 1886ರ ಫೆಬ್ರವರಿಯಲ್ಲಿ ಜೂಲಿಯಾ ಗ್ರಾಂಟ್‌ಗೆ ಹೋದ ಮೊದಲ ಚೆಕ್ಕಿನ ಮೊತ್ತ 2 ಲಕ್ಷ ಡಾಲರ್. ಅಷ್ಟು ದೊಡ್ಡ ಗೌರವಧನದ ಚೆಕ್ಕನ್ನು ಅಲ್ಲಿಯವರೆಗೆ ಯಾರೂ ಕಂಡಿರಲಿಲ್ಲ. ದಿವಾಳಿಯಾದ ಒಬ್ಬ ಮುದುಕ ಸಾಯುತ್ತ ಸಾಯುತ್ತ ಬರೆದು ಮನೆಯವರನ್ನು ದಡ ಸೇರಿಸಿದ್ದನ್ನು ಟ್ವೇನ್ ಹತ್ತಿರದಿಂದ ನೋಡಿದ. ಹತ್ತು ವರ್ಷದ ಮೇಲೆ ತಾನೂ ಅದೇ ಸ್ಥಿತಿಗೆ ಬಂದಾಗ ಈ ನೆನಪು ಅವನ ಕಣ್ಣೆದುರು ಇದ್ದೇ ಇತ್ತು ಎಂದು ನಂಬುತ್ತೇನೆ.

ಗ್ರಾಂಟ್ ಪುಸ್ತಕದ ಗೆಲುವು ಸಂಸ್ಥೆಯ ತಲೆ ಕೆಡಿಸಿತು. ಪೋಪ್ ಹದಿಮೂರನೆಯ ಲಿಯೋನ ಜೀವನಚರಿತ್ರೆಯನ್ನು ಕ್ಯಾಥೊಲಿಕ್ಕರೆಲ್ಲ ಕೊಂಡುಕೊಂಡೇ ತೀರುತ್ತಾರೆ ಎಂದುಕೊಂಡರು. ಹಾಗಾಗಲಿಲ್ಲ. ಅಮೆರಿಕನ್ ಸಾಹಿತ್ಯದ ಹನ್ನೊಂದು ಸಂಪುಟಗಳ ಸಂಕಲನವನ್ನು ಕಂತಿನ ಮೇಲೆ ಮಾರಲು ಹೊರಟರು. ಅಚ್ಚು ಹಾಕಿಸಲು ದುಡ್ಡು ಮೊದಲೇ ಬೇಕು, ಕಂತು ಬರುವುದು ನಿಧಾನ. ಹೆಚ್ಚು ಮಾರಿದಷ್ಟೂ ಕೈಯಲ್ಲಿ ದುಡ್ಡು ಕಡಿಮೆಯಾಗುವ ವ್ಯಾಪಾರ ಅದು.

ಇನ್ನು ಯಂತ್ರದ ವಿಷಯ. ಜೇಮ್ಸ್ ಪೇಜ್ ಎಂಬ ಯಂತ್ರಶಿಲ್ಪಿ ಹಾರ್ಟ್‌ಫರ್ಡ್‌ನ ಕೋಲ್ಟ್ ಬಂದೂಕು ಕಾರ್ಖಾನೆಯಲ್ಲಿ ಮೊಳೆ ಜೋಡಿಸುವ ಯಂತ್ರವೊಂದನ್ನು ಮಾಡುತ್ತಿದ್ದಾನೆ ಎಂದು 1880ರಲ್ಲಿ ಒಬ್ಬ ಆಭರಣ ವ್ಯಾಪಾರಿ ಟ್ವೇನನಿಗೆ ಹೇಳಿದ. ಟ್ವೇನ್ 2,000 ಡಾಲರ್ ಹಾಕಿದ, ಆಮೇಲೆ ಇನ್ನಷ್ಟು. 1880ರ ದಶಕದ ಕೊನೆಗೆ ತಿಂಗಳಿಗೆ ಮೂರು ಸಾವಿರ ಡಾಲರ್ ಅದರ ಹೊಟ್ಟೆಗೆ ಹೋಗುತ್ತಿತ್ತು. ಯಂತ್ರ ಕೆಲಸ ಮಾಡುತ್ತಿದ್ದಾಗ ನಿಜಕ್ಕೂ ಬೆರಗು ಹುಟ್ಟಿಸುತ್ತಿತ್ತು. ಅದರಲ್ಲಿ 18,000 ಬಿಡಿಭಾಗಗಳಿದ್ದವು. ಕಂಪಾಸಿಟರನ ಕೈ ಮಾಡುವುದನ್ನೆಲ್ಲ ಹಾಗೆಹಾಗೇ ಮಾಡಬೇಕು, ಹೆಕ್ಕಬೇಕು, ಜೋಡಿಸಬೇಕು, ಮರಳಿ ಹಂಚಬೇಕು ಎಂಬುದು ಪೇಜನ ಹಟ. ಒಂದು ಮೊಳೆ ಮುರಿದರೆ ಎಲ್ಲ ನಿಲ್ಲುತ್ತಿತ್ತು. ನಿಂತಾಗಲೆಲ್ಲ ಅವನು ಇಡೀ ಯಂತ್ರವನ್ನು ಬಿಚ್ಚಿ ಇನ್ನಷ್ಟು ಚೆನ್ನಾಗಿ ಮಾಡಲು ಹೊರಡುತ್ತಿದ್ದ.

ಅದೇ ಹೊತ್ತಿನಲ್ಲಿ ಒಟ್ಮಾರ್ ಮರ್ಗೆಂಥಾಲರ್ ಎಂಬ ಜರ್ಮನ್ ವಲಸಿಗ ಬೇರೆ ದಾರಿ ಹಿಡಿದಿದ್ದ. ಮೊಳೆಯನ್ನು ಜೋಡಿಸುವುದೇ ಬೇಡ, ಅಕ್ಷರದ ಅಚ್ಚುಗಳನ್ನು ಸಾಲಾಗಿ ನಿಲ್ಲಿಸಿ ಕರಗಿದ ಸೀಸ ಹುಯ್ದು ಇಡೀ ಪಂಕ್ತಿಯನ್ನು ಒಂದೇ ತುಂಡಾಗಿ ಎರಕ ತೆಗೆದರಾಯಿತು. ಕೆಲಸ ಮುಗಿದ ಮೇಲೆ ಮತ್ತೆ ಕರಗಿಸಿದರಾಯಿತು. ಹಂಚುವ ತಾಪತ್ರಯವೇ ಇಲ್ಲ. ಲೈನೋಟೈಪ್ ಎಂದು ಹೆಸರಾದ ಆ ಯಂತ್ರ 1886ರ ಜುಲೈನಲ್ಲೇ ನ್ಯೂಯಾರ್ಕ್ ಟ್ರಿಬ್ಯೂನ್ ಪತ್ರಿಕೆಯ ಕಚೇರಿಯಲ್ಲಿ ದುಡಿಯತೊಡಗಿತ್ತು. ಅಂದರೆ ಟ್ವೇನ್ ಗಳಿಗೆ ಗುರುತು ಹಾಕಿಕೊಂಡು ಸಂಭ್ರಮಿಸಿದ ದಿನಕ್ಕೆ ಓಟ ಮುಗಿದು ಎರಡೂವರೆ ವರ್ಷವಾಗಿತ್ತು. ಮೊಳೆ ಜೋಡಿಸಿ ಬೆರಳು ಸವೆಸಿಕೊಂಡಿದ್ದವನಿಗೆ ಅದು ಕಾಣದೆ ಹೋದದ್ದು ಆಶ್ಚರ್ಯವೆನಿಸಬಹುದು. ನನ್ನ ಮಟ್ಟಿಗೆ, ಅವನ ಬೆರಳಿಗೆ ಆ ಕೆಲಸ ಗೊತ್ತಿದ್ದದ್ದೇ ಅವನ ಕಣ್ಣು ಕಟ್ಟಿತು. ತನ್ನ ಕೈಯ ಚಳಕವನ್ನು ಉಕ್ಕಿನಲ್ಲಿ ನೋಡಬೇಕೆಂಬ ಆಸೆ ಅವನದು, ಆ ಚಳಕವೇ ಬೇಡವಾಗುವ ದಾರಿ ಅವನಿಗೆ ರುಚಿಸಲಿಲ್ಲ. ಯಂತ್ರಕ್ಕೆ ಅವನು ಸುರಿದದ್ದನ್ನು ಒಂದೂವರೆ ಲಕ್ಷ ಡಾಲರ್‌ನಿಂದ ಮೂರು ಲಕ್ಷದವರೆಗೆ ಲೆಕ್ಕ ಹಾಕುತ್ತಾರೆ. ಅದರಲ್ಲಿ ಲಿವಿಯ ತವರಿನ ದುಡ್ಡೂ ಸೇರಿತ್ತು.

1891ರಲ್ಲಿ ಹಾರ್ಟ್‌ಫರ್ಡ್ ಮನೆಗೆ ಬೀಗ ಹಾಕಿ ಸಂಸಾರ ಖರ್ಚು ಕಡಿಮೆಯೆಂದು ಯುರೋಪಿಗೆ ಹೋಯಿತು. 1893ರಲ್ಲಿ ಅಮೆರಿಕದ ಬ್ಯಾಂಕುಗಳು ಉರುಳಿದವು, ಎಲ್ಲೂ ಕೈಸಾಲ ಹುಟ್ಟದಾಯಿತು. 1894ರ ಏಪ್ರಿಲ್ 18ರಂದು ವೆಬ್‌ಸ್ಟರ್ ಸಂಸ್ಥೆ ಮುಚ್ಚಿತು. ಸಾಲ ಕೊಟ್ಟವರು ನೂರರ ಆಸುಪಾಸು, ಬಾಕಿ ಸುಮಾರು ಒಂದು ಲಕ್ಷ ಡಾಲರ್. ಟ್ವೇನನಿಗೆ ಐವತ್ತೆಂಟು ವಯಸ್ಸು. ಅದೇ ವರ್ಷದ ಕೊನೆಗೆ ಪೇಜ್ ಯಂತ್ರವೂ ಷಿಕಾಗೋ ಹೆರಾಲ್ಡ್ ಪತ್ರಿಕೆಯಲ್ಲಿ ನಡೆದ ಪರೀಕ್ಷೆಯಲ್ಲಿ ಮೊಳೆ ಮುರಿದುಕೊಂಡು ನಿಂತುಹೋಯಿತು. ಆ ಸುದ್ದಿ ಪ್ಯಾರಿಸ್‌ನಲ್ಲಿದ್ದ ಅವನಿಗೆ ಸಿಡಿಲಿನಂತೆ ಬಡಿಯಿತು. ಹಾರ್ಟ್‌ಫರ್ಡ್‌ನಲ್ಲಿ ಈಗ ವಸ್ತುಸಂಗ್ರಹಾಲಯವಾಗಿರುವ ಅವನದೇ ಮನೆಯಲ್ಲಿ ಆ ಯಂತ್ರದ ಒಂದು ಮಾದರಿ ಇಂದಿಗೂ ಉಂಟು.

ಇಲ್ಲಿ ಹೆನ್ರಿ ರೋಜರ್ಸ್ ಬರುತ್ತಾನೆ. ರಾಕ್‌ಫೆಲರ್‌ನ ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯ ಮುಖ್ಯಸ್ಥರಲ್ಲಿ ಒಬ್ಬ, ಎದುರಾಳಿಗಳನ್ನು ನುಂಗಿ ನೀರು ಕುಡಿದವನೆಂದು ಹೆಸರಾದವನು. ಟ್ವೇನನ ಪುಸ್ತಕಗಳೆಂದರೆ ಅವನಿಗೆ ಪ್ರಾಣ. 1893ರ ಶರತ್ಕಾಲದಲ್ಲಿ ಪರಿಚಯವಾಗಿ, ಟ್ವೇನನ ಗೋಜಲು ಲೆಕ್ಕಗಳನ್ನು ಪೈಸೆ ತೆಗೆದುಕೊಳ್ಳದೆ ಕೈಗೆತ್ತಿಕೊಂಡ. ಸಂಸ್ಥೆಗೆ ಅತಿ ಹೆಚ್ಚು ಸಾಲ ಕೊಟ್ಟವಳು ಲಿವಿಯೇ ಎಂಬುದನ್ನು ಹಿಡಿದು, ಪುಸ್ತಕಗಳ ಹಕ್ಕನ್ನೆಲ್ಲ ಮೊದಲೇ ಅವಳ ಹೆಸರಿಗೆ ಮಾಡಿಸಿದ. ಆ ಒಂದು ಕಾಗದ ಇಲ್ಲದಿದ್ದರೆ ಟಾಮ್ ಸಾಯರ್ ಕೂಡ ಹರಾಜಾಗುತ್ತಿದ್ದ. ಇದೇ ರೋಜರ್ಸ್ ಮುಂದೆ ಪತ್ರಕರ್ತೆ ಐಡಾ ಟಾರ್ಬೆಲ್‌ಗೆ ಸ್ಟ್ಯಾಂಡರ್ಡ್ ಆಯಿಲ್‌ನ ಚರಿತ್ರೆ ಬರೆಯುವಾಗ ಮಾತಿಗೆ ಸಿಕ್ಕ, ಆ ಭೇಟಿಗೆ ದಾರಿ ಮಾಡಿಕೊಟ್ಟವನು ಟ್ವೇನ್. ರೋಜರ್ಸ್‌ನ ದುಡ್ಡಿನ ಮೂಲದ ಬಗ್ಗೆ ಟ್ವೇನ್ ಕಣ್ಣು ಮುಚ್ಚಿಕೊಂಡ ಎಂಬ ಆಕ್ಷೇಪ ಇದೆ. ಅದು ನ್ಯಾಯವಾದದ್ದೇ. ಋಣದಲ್ಲಿ ಇದ್ದವನು ಎಲ್ಲವನ್ನೂ ಮಾತಾಡಲಾರ.

ಕಾನೂನಿನ ಪ್ರಕಾರ ಇದ್ದದ್ದನ್ನು ಕೊಟ್ಟು ಕೈತೊಳೆದುಕೊಳ್ಳಬಹುದಿತ್ತು. ಸಾಲ ಕೊಟ್ಟವರಲ್ಲಿ ಎಷ್ಟೋ ಜನ ಅರ್ಧಕ್ಕೆ ಒಪ್ಪಲು ಸಿದ್ಧರಿದ್ದರು. ಲಿವಿ ಒಪ್ಪಲಿಲ್ಲ. ಯಾರಿಗೂ ಒಂದು ಸೆಂಟ್ ಕಡಿಮೆಯಾಗಬಾರದು ಎಂದಳು. ಬರಹಗಾರನಿಗೆ ಹೆಸರೇ ಬಂಡವಾಳ, ಪೂರ್ತಿ ತೀರಿಸುವುದೇ ಸರಿ ಎಂದು ವ್ಯವಹಾರಸ್ಥ ರೋಜರ್ಸ್ ಕೂಡ ಹೇಳಿದ. ಈ ಕತೆಯನ್ನು ಟ್ವೇನನ ಪ್ರಾಮಾಣಿಕತೆಯ ಕತೆಯೆಂದು ಹೇಳುವುದು ರೂಢಿ. ಆ ಪ್ರಾಮಾಣಿಕತೆಗೆ ಬೆನ್ನೆಲುಬಾಗಿ ನಿಂತವಳು ಲಿವಿ. ಅವಳಿಗೆ ಸಲ್ಲಬೇಕಾದದ್ದು ಇನ್ನೂ ಪೂರ್ತಿ ಸಂದಿಲ್ಲ.

ದುಡ್ಡು ಹುಟ್ಟುವ ದಾರಿ ಒಂದೇ, ವೇದಿಕೆ. ಭಾಷಣದ ಪ್ರವಾಸವೆಂದರೆ ಟ್ವೇನನಿಗೆ ಹೇಸಿಗೆ. ಆದರೂ ಹೊರಟ. 1895ರ ಜುಲೈ 14ರ ರಾತ್ರಿ ಎಲ್ಮೈರಾ ನಿಲ್ದಾಣದಿಂದ ರೈಲು ಹೊರಟಾಗ ಜೊತೆಗೆ ಲಿವಿ ಮತ್ತು ಕ್ಲಾರಾ ಇದ್ದರು. ಸೂಸಿ, ಜೀನ್ ಎಲ್ಮೈರಾದಲ್ಲೇ, ಲಿವಿಯ ಅಕ್ಕನ ಮನೆಯಲ್ಲಿ ಉಳಿದರು. ನಿಲ್ದಾಣದ ವಿದ್ಯುದ್ದೀಪದ ಬೆಳಕಿನಲ್ಲಿ ನಿಂತು ಸೂಸಿ ಕೈಬೀಸಿದಳು. ಮರುದಿನ ಕ್ಲೀವ್‌ಲೆಂಡ್‌ನಲ್ಲಿ ಮೊದಲ ಕಾರ್ಯಕ್ರಮ. ಕಾಲಿನಲ್ಲಿ ದೊಡ್ಡ ಕುರು ಎದ್ದು ನಿಲ್ಲಲೂ ಆಗುತ್ತಿರಲಿಲ್ಲ. ಉತ್ತರ ಅಮೆರಿಕವನ್ನು ಅಡ್ಡಲಾಗಿ ದಾಟಿ, ವ್ಯಾಂಕೂವರ್‌ನಲ್ಲಿ ಪತ್ರಿಕೆಗಳಿಗೆ ಹೇಳಿಕೆ ಕೊಟ್ಟ: ಪೂರ್ತಿ ಸಾಲ ತೀರಿಸುತ್ತೇನೆ, ನಾಲ್ಕು ವರ್ಷದೊಳಗೆ. ಹವಾಯಿಯಲ್ಲಿ ಕಾಲರಾ ಇದ್ದದ್ದರಿಂದ ಇಳಿಯಲು ಬಿಡಲಿಲ್ಲ, ಮಾರಿದ್ದ ಟಿಕೆಟ್ಟಿನ ದುಡ್ಡು ಹಿಂದಕ್ಕೆ ಹೋಯಿತು. ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಸಿಲೋನ್ ದಾಟಿ 1896ರ ಜನವರಿ 18ರಂದು ಹಡಗು ಬೊಂಬಾಯಿ ಮುಟ್ಟಿತು.

ಬೊಂಬಾಯಿಯ ಮೊದಲ ದಿನ ನಡೆದ ಒಂದು ಸಣ್ಣ ಘಟನೆಯನ್ನು ಅವನು ಪ್ರವಾಸದ ಪುಸ್ತಕದಲ್ಲಿ ಬರೆದಿದ್ದಾನೆ. ಹೋಟೆಲಿನ ಕೋಣೆಗೆ ಸಾಮಾನು ತಂದಿಟ್ಟ ಆಳುಗಳ ಜೊತೆ ಒಬ್ಬ ಧಡೂತಿ ಜರ್ಮನ್ ಬಂದಿದ್ದ. ಬಾಲ್ಕನಿಯ ಬಾಗಿಲನ್ನು ಸರಿಮಾಡಲು ಒಬ್ಬ ಆಳು ಮಂಡಿಯೂರಿದ. ಅವನ ಕೆಲಸ ಹಿಡಿಸಲಿಲ್ಲವೋ ಏನೋ, ಜರ್ಮನ್ ಏನೂ ಹೇಳದೆ ಅವನ ದವಡೆಗೆ ಬಾರಿಸಿದ. ಏಟು ತಿಂದವನು ತುಟಿ ಬಿಚ್ಚಲಿಲ್ಲ, ಮುಖದಲ್ಲಿ ಸಿಟ್ಟೂ ಕಾಣಲಿಲ್ಲ. ಐವತ್ತು ವರ್ಷದಿಂದ ಇಂಥದ್ದನ್ನು ತಾನು ನೋಡಿರಲಿಲ್ಲ ಎನ್ನುತ್ತಾನೆ ಟ್ವೇನ್. ಕ್ಷಣದಲ್ಲಿ ಅವನು ಹ್ಯಾನಿಬಲ್‌ನ ಹುಡುಗನಾಗಿಬಿಟ್ಟ. ಅವನ ತಂದೆ ಗಂಭೀರ ಮನುಷ್ಯ, ನ್ಯಾಯವಂತನೆಂದು ಹೆಸರಾದವನು, ಮಕ್ಕಳ ಮೇಲೆ ಕೈ ಮಾಡಿದ್ದು ಅಪರೂಪ. ಆದರೆ ಮನೆಯಲ್ಲಿದ್ದ ಲೂಯಿಸ್ ಎಂಬ ಗುಲಾಮ ಹುಡುಗ ಸಣ್ಣಪುಟ್ಟ ತಪ್ಪು ಮಾಡಿದರೆ ಅವನಿಗೆ ಏಟು ಬೀಳುತ್ತಿತ್ತು. ತನಗೆ ಹತ್ತು ವರ್ಷವಾಗಿದ್ದಾಗ ಒಬ್ಬ ಯಜಮಾನ ತನ್ನ ಗುಲಾಮನ ತಲೆಗೆ ಕಬ್ಬಿಣದ ಅದಿರಿನ ಗಟ್ಟಿ ಎಸೆದದ್ದು, ಆ ಮನುಷ್ಯ ಒಂದು ಗಂಟೆಯೊಳಗೆ ಸತ್ತದ್ದು ನೆನಪಾಯಿತು. ಊರಿನಲ್ಲಿ ಯಾರೂ ಅದನ್ನು ಮೆಚ್ಚಲಿಲ್ಲ, ಯಾರೂ ಹೆಚ್ಚು ಮಾತನ್ನೂ ಆಡಲಿಲ್ಲ.

ಆ ಪುಟಗಳು ನನಗೆ ಇಡೀ ಪುಸ್ತಕದಲ್ಲಿ ದೊಡ್ಡವು. ಹಕಲ್‌ಬೆರಿ ಫಿನ್ ಬರೆದವನು ಗುಲಾಮಗಿರಿಯ ಬಗ್ಗೆ ಹೇಳುವುದನ್ನೆಲ್ಲ ಹೇಳಿ ಮುಗಿಸಿದ್ದಾನೆ ಎಂದು ನಾವು ತಿಳಿಯುತ್ತೇವೆ. ಮುಗಿದಿರಲಿಲ್ಲ. ತನ್ನ ಜನ ಕರಿಯರಿಗೆ ಸಾಲಗಾರರು ಎಂಬ ಅರಿವು ಅವನಲ್ಲಿ ಮೊದಲೇ ಇತ್ತು. 1885ರಲ್ಲೇ ಯೇಲ್ ಕಾನೂನು ಶಾಲೆಯ ಕರಿಯ ವಿದ್ಯಾರ್ಥಿ ವಾರ್ನರ್ ಮೆಕ್‌ಗ್ವಿನ್‌ನ ಊಟ ವಸತಿಯ ಖರ್ಚು ವಹಿಸಿಕೊಂಡಾಗ, ಇದು ದಾನವಲ್ಲ, ನಾವು ಅವರಿಗೆ ಮಾಡಿದ್ದಕ್ಕೆ ತೆರಬೇಕಾದದ್ದು ಎಂಬ ಭಾವದಲ್ಲಿ ಶಾಲೆಯ ಮುಖ್ಯಸ್ಥರಿಗೆ ಬರೆದಿದ್ದ. ಬೊಂಬಾಯಿಯ ಆ ಏಟು ಮಿಸ್ಸೂರಿಯ ಗುಲಾಮಗಿರಿಯನ್ನೂ ಸಾಮ್ರಾಜ್ಯದ ದರ್ಪವನ್ನೂ ಒಟ್ಟಿಗೆ ತಂದು ನಿಲ್ಲಿಸಿತು.

ಭಾರತದಲ್ಲಿ ಅವನು ಹೆಚ್ಚು ಹೊತ್ತು ಬ್ರಿಟಿಷ್ ಅಧಿಕಾರಿಗಳ ಅತಿಥಿಯಾಗಿಯೇ ಇದ್ದ. ಅವರ ಆಡಳಿತವನ್ನು ಹೊಗಳಿಯೂ ಇದ್ದಾನೆ, ಥಗ್ಗರೆಂಬ ದಾರಿಗಳ್ಳರ ಕತೆಗಳಿಗೆ ಮಾರುಹೋಗಿದ್ದಾನೆ. ಅದನ್ನು ಮುಚ್ಚಿಡಬೇಕಿಲ್ಲ. ಆದರೂ ಜನರನ್ನು ನೋಡುವ ಕಣ್ಣು ಮಂಕಾಗಲಿಲ್ಲ. ಅಲಹಾಬಾದಿನ ಮಾಘಮೇಳದಲ್ಲಿ ತಿಂಗಳುಗಟ್ಟಲೆ ನಡೆದು ಬಂದ ಮುದುಕರನ್ನು ಕಂಡು, ಇಂಥ ನಂಬಿಕೆ ತಮ್ಮವರಿಗೆ ನಿಲುಕದ್ದು ಎಂದು ಬೆರಗಾದ. ಕಾಶಿಯಲ್ಲಿ ಸ್ವಾಮಿ ಭಾಸ್ಕರಾನಂದ ಸರಸ್ವತಿಯವರನ್ನು ಕಂಡು, ಅವರ ಗ್ರಂಥ ಪಡೆದು ತನ್ನ ಹಕಲ್‌ಬೆರಿ ಫಿನ್ ಕೊಟ್ಟ. ಡಾರ್ಜಿಲಿಂಗ್‌ನಿಂದ ಹಳಿಯ ಮೇಲೆ ಕೈಗಾಡಿಯಲ್ಲಿ ಮೂವತ್ತೈದು ಮೈಲಿ ಜಾರಿಕೊಂಡು ಬಂದ ದಿನ ಚಿಕ್ಕ ಹುಡುಗನಂತೆ ಕುಣಿದಾಡಿದ. ಕೆಮ್ಮು, ಜ್ವರ ಎಡೆಬಿಡದೆ ಕಾಡುತ್ತಿದ್ದವು. ಲಾಹೋರ್, ರಾವಲ್ಪಿಂಡಿವರೆಗೆ ಹೋಗಿ, ಕಲ್ಕತ್ತಕ್ಕೆ ಮರಳಿ, ಮದರಾಸಿನ ಮೇಲೆ ಹಾಯ್ದು ಮಾರಿಷಸ್, ದಕ್ಷಿಣ ಆಫ್ರಿಕಾಕ್ಕೆ ಹೋದ. ಸಂಪಾದನೆ ರೋಜರ್ಸ್‌ಗೆ ತಲುಪುತ್ತಿತ್ತು, ಅವನು ಅದನ್ನು ಬೆಳೆಸುತ್ತಿದ್ದ.

1896ರ ಜುಲೈ 31ರಂದು ಇಂಗ್ಲೆಂಡಿಗೆ ಬಂದಿಳಿದರು. ಸೂಸಿ, ಜೀನ್ ಅಮೆರಿಕದಿಂದ ಬಂದು ಸೇರುವುದೆಂದು ನಿಶ್ಚಯವಾಗಿತ್ತು. ಬಂದದ್ದು ಸೂಸಿಗೆ ಹುಷಾರಿಲ್ಲ ಎಂಬ ಕಾಗದ. ಲಿವಿ, ಕ್ಲಾರಾ ಹಡಗು ಹತ್ತಿದರು. ಅವರು ಇನ್ನೂ ಸಮುದ್ರದ ಮೇಲಿರುವಾಗಲೇ, ಆಗಸ್ಟ್ 18ರಂದು, ಹಾರ್ಟ್‌ಫರ್ಡ್‌ನ ಹಳೆಯ ಮನೆಯಲ್ಲಿ ಸೂಸಿ ಮೆದುಳುಪೊರೆಯ ಉರಿಯೂತದಿಂದ ತೀರಿಕೊಂಡಳು. ಕೊನೆಯ ದಿನಗಳಲ್ಲಿ ಕಣ್ಣೂ ಹೋಗಿತ್ತು. ಇಪ್ಪತ್ನಾಲ್ಕು ವರ್ಷ. ಹದಿಮೂರರ ಹುಡುಗಿಯಾಗಿದ್ದಾಗ ಕಾಗುಣಿತ ತಪ್ಪುತ್ತ ಅಪ್ಪನ ಜೀವನಚರಿತ್ರೆ ಬರೆದವಳು ಅವಳು. ಟ್ವೇನ್ ಇಂಗ್ಲೆಂಡಿನ ಗಿಲ್ಡ್‌ಫರ್ಡ್‌ನ ಬಾಡಿಗೆ ಮನೆಯಲ್ಲಿ ಒಬ್ಬನೇ ಇದ್ದಾಗ ತಂತಿ ಬಂತು. ನನ್ನ ಸಾಲವೇ ಅವಳನ್ನು ತಾಯ್ತಂದೆಯಿಂದ ದೂರ ಇಟ್ಟಿತು ಎಂದು ಅವನು ತನ್ನನ್ನು ಹಳಿದುಕೊಂಡ. ಆ ಮಾತಿಗೆ ಸಮಾಧಾನ ಹೇಳುವವರು ಯಾರೂ ಇರಲಿಲ್ಲ.

ಸಾಲ ಮಾತ್ರ ಹಾಗೇ ಇತ್ತು. ಲಂಡನ್ನಿನ ಚೆಲ್ಸಿಯಲ್ಲಿ ಯಾರ ಮುಖವನ್ನೂ ನೋಡದೆ ಕೂತು ಪ್ರವಾಸದ ಪುಸ್ತಕ ಬರೆದ. ಆ ಮನಸ್ಥಿತಿಯಲ್ಲೇ, 1896ರ ನವೆಂಬರ್‌ನಲ್ಲಿ, ರೋಜರ್ಸ್‌ನ ಹೆಂಡತಿಗೆ ಒಂದು ಕಾಗದ ಬರೆದ. ತನಗಾಗಿ ಏನೂ ಕೇಳಲಿಲ್ಲ. ಹೆಲೆನ್ ಕೆಲ್ಲರ್ ಎಂಬ ಕಣ್ಣು ಕಿವಿ ಇಲ್ಲದ ಹುಡುಗಿಯ ಓದು ದುಡ್ಡಿಲ್ಲದೆ ನಿಲ್ಲಬಾರದು ಎಂದು ಬೇಡಿದ. ರೋಜರ್ಸ್ ದಂಪತಿ ಆ ಭಾರ ಹೊತ್ತರು, ಕೆಲ್ಲರ್ ಮುಂದೆ ಪದವೀಧರೆಯಾದಳು. 1897ರ ಜೂನ್‌ನಲ್ಲಿ ನ್ಯೂಯಾರ್ಕ್ ಹೆರಾಲ್ಡ್ ಪತ್ರಿಕೆ ಟ್ವೇನನ ಸಾಲ ತೀರಿಸಲೆಂದು ಸಾರ್ವಜನಿಕ ನಿಧಿ ತೆರೆದಾಗ ಅವನು ಮೊದಲು ಒಪ್ಪಿದ್ದ. ಲಿವಿ ಮತ್ತೆ ಬೇಡವೆಂದಳು. ಬಂದ ದುಡ್ಡು ಕೊಟ್ಟವರಿಗೆ ವಾಪಸಾಯಿತು.

1898ರ ಜನವರಿಯಲ್ಲಿ, ಅವರು ವಿಯೆನ್ನಾದಲ್ಲಿದ್ದಾಗ, ಕೊನೆಯ ಬಾಕಿ ಸಂದಾಯವಾಯಿತು. ನಾಲ್ಕು ವರ್ಷದ ಮಾತು ಎರಡೂವರೆ ವರ್ಷದಲ್ಲಿ ನಡೆಯಿತು. ರೂಪಾಯಿಗೆ ಹದಿನಾರಾಣೆ ತೀರಿತ್ತು. ಆ ವರ್ಷವೇ ಯಾನ್ ಶ್ಚೆಪಾನಿಕ್ ಎಂಬ ಪೋಲಿಷ್ ಯುವಕನ ನೇಯ್ಗೆಯ ವಿನ್ಯಾಸದ ಯಂತ್ರಕ್ಕೆ ದುಡ್ಡು ಹಾಕಲು ಟ್ವೇನ್ ಮತ್ತೆ ತುದಿಗಾಲಲ್ಲಿ ನಿಂತ. ರೋಜರ್ಸ್ ತಡೆದ.

1900ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿಗೆ ಮರಳಿದಾಗ ಅವನನ್ನು ಗೆದ್ದ ಸೇನಾನಿಯಂತೆ ಬರಮಾಡಿಕೊಂಡರು. ಆ ಗೌರವವನ್ನು ಅವನು ಕೂಡಿಡಲಿಲ್ಲ, ಖರ್ಚು ಮಾಡಿದ. ಸ್ಪೇನಿನಿಂದ ಬಿಡಿಸುತ್ತೇವೆಂದು ಹೋದ ಅಮೆರಿಕ ಫಿಲಿಪ್ಪೀನ್ಸ್ ಅನ್ನು ತಾನೇ ನುಂಗುತ್ತಿತ್ತು. ಹಡಗಿನಿಂದ ಇಳಿಯುತ್ತಲೇ ತಾನು ಸಾಮ್ರಾಜ್ಯ ವಿರೋಧಿ ಎಂದು ಹೇಳಿದ. 1901ರ ಫೆಬ್ರವರಿಯಲ್ಲಿ ನಾರ್ತ್ ಅಮೆರಿಕನ್ ರಿವ್ಯೂ ಪತ್ರಿಕೆಯಲ್ಲಿ, ಕತ್ತಲಲ್ಲಿ ಕೂತ ಜನಕ್ಕೆ ಬೆಳಕು ಕೊಡುತ್ತೇವೆಂದು ಹೊರಟ ರಾಷ್ಟ್ರಗಳ ಮುಖವಾಡ ಕಳಚುವ ಲೇಖನ ಬರೆದ. ಪತ್ರಿಕೆಗಳು ದೇಶದ್ರೋಹಿ ಎಂದವು. ಸಾಮ್ರಾಜ್ಯ ವಿರೋಧಿ ಸಂಘದ ಉಪಾಧ್ಯಕ್ಷನಾಗಿ ಸಾಯುವ ತನಕ ಉಳಿದ.

ಇನ್ನೊಮ್ಮೆ ಬೀದಿಗೆ ಬೀಳಬಾರದೆಂದು ರೋಜರ್ಸ್ 1903ರಲ್ಲಿ ಹಾರ್ಪರ್ ಪ್ರಕಾಶನದ ಜೊತೆ ಒಪ್ಪಂದ ಮಾಡಿಸಿದ್ದ. ವರ್ಷಕ್ಕೆ 25,000 ಡಾಲರ್ ಖಚಿತ, ಆದರೆ ಬರೆದದ್ದು ಬೇರೆಯವರಿಗೆ ಕೊಡುವಂತಿಲ್ಲ. 1904ರಲ್ಲಿ ಲಿವಿ ಹೋದಳು. ಮರುವರ್ಷ ಟ್ವೇನ್ ಯುದ್ಧದ ಪ್ರಾರ್ಥನೆಯೊಂದನ್ನು ಬರೆದ. ನಮ್ಮ ಗೆಲುವಿಗಾಗಿ ದೇವರನ್ನು ಬೇಡುವಾಗ ಎದುರಾಳಿಯ ವಿಧವೆಯರಿಗಾಗಿ, ಮಕ್ಕಳಿಗಾಗಿ ಬಾಯಿಬಿಡದೆ ಏನನ್ನು ಬೇಡುತ್ತಿದ್ದೇವೆ ಎಂದು ಬಿಡಿಸಿ ತೋರಿಸುವ ಪುಟ್ಟ ಬರಹ. ಮಹಿಳೆಯರ ಪತ್ರಿಕೆಗೆ ಹೊಂದುವುದಿಲ್ಲ ಎಂದು ಹಾರ್ಪರ್ಸ್ ಬಜಾರ್ 1905ರ ಮಾರ್ಚ್‌ನಲ್ಲಿ ಅದನ್ನು ಹಿಂದಕ್ಕೆ ಕಳಿಸಿತು. ಒಪ್ಪಂದದ ಕಾರಣ ಬೇರೆ ಎಲ್ಲೂ ಕೊಡುವ ಹಾಗಿರಲಿಲ್ಲ. 1910ರ ಏಪ್ರಿಲ್ 21ರಂದು ಟ್ವೇನ್ ತೀರಿಕೊಂಡ. ಆ ಬರಹ ಅಚ್ಚಾದದ್ದು 1923ರಲ್ಲಿ, ಇನ್ನೊಂದು ದೊಡ್ಡ ಯುದ್ಧ ನಡೆದು ಮುಗಿದ ಮೇಲೆ.